ಜಿಂಕೆಗೆ ಬಿತ್ತಿದ ಬೇಸಿಗೆ

ಹೋದ ವಾರ ಅಳಿಯ ಅಂಗಡಿಯಿಂದ ಒಂದು ಕಂತೆ ಕೇಲ್ ಸೊಪ್ಪು ತಂದ. ಡಬ್ಲಿನ್ ಪಕ್ಕದ ಈ ಆಡಮ್ಸ್‌ಟೌನಿನಲ್ಲಿ ದಂಟು, ಹರಿವೆ ಸಿಗೋದು ನಮ್ಮವರ ಅಂಗಡಿಯಲ್ಲಿ ಮಾತ್ರ, ಅದೂ ಬಾಡಿರುತ್ತೆ. ಅದಕ್ಕೇ ನಾನು ಕೇಲ್ ಹಾಕಿಯೇ ಬಸ್ಸಾರು ಮಾಡ್ತೀನಿ. ಈಳಿಗೆಮಣೆ ಇಲ್ಲದ ಮನೆ, ಚಾಕುವಿನಲ್ಲೇ ಕೇಲಿನ ದಂಟು ಕೊಯ್ದೆ. ಹಸಿ ಸಾಸಿವೆ ಅರೆದಂಥ ವಾಸನೆ ಬಂತು. ಎಷ್ಟು ಸಾರಿ ಕೊಯ್ದಿದ್ದೀನೋ ಈ ಸೊಪ್ಪನ್ನ, ಆವತ್ತು ಮಾತ್ರ ಮೂಗಿಗೆ ಬೇರೆ ಥರ ಹತ್ತಿತು. ಜಿಂಕೆ ಬಾಯಲ್ಲಿ ಹರಿದ ಸೊಪ್ಪಿನ ವಾಸನೆ ಅದು. ಭಾನುವಾರ ನೋರಾ ಮನೆಗೆ ಕರ್ಕೊಂಡು ಹೋಗು ಅಂತ ಅಳಿಯನಿಗೆ ಹೇಳಿದೆ. ಯಾಕೆ ಅಂತ ಅವನು ಕೇಳಲಿಲ್ಲ. ಅಳಿಯ ಪ್ರಕಾಶ ನನ್ನ ತಮ್ಮನ ಮಗನೇ. ಚಿಕ್ಕಂದಿನಿಂದ ಪ್ರಶ್ನೆ ಕೇಳೋದು ಕಮ್ಮಿ.

ನನ್ನ ಮಗಳು ಲತಾ ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳೋ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಅದು ವಿಕ್ಲೋ ಬೆಟ್ಟದ ಕಡೆ. ಪ್ರಕಾಶನ ಕೆಲಸ ಲೀಕ್ಸ್‌ಲಿಪ್‌ನ ಚಿಪ್ ಫ್ಯಾಕ್ಟರಿಯಲ್ಲಿ, ಶಿಫ್ಟು. ಅವನು ದಿನಾ ಕಾರಿನಲ್ಲಿ ಹೋಗಿಬರಲಿ, ನಾನು ಕೆಲಸಕ್ಕೆ ನಡ್ಕೊಂಡು ಹೋಗ್ತೀನಿ ಅಂತ ಅವಳೇ ಬೆಟ್ಟದ ಬುಡದಲ್ಲಿ ಮನೆ ಹಿಡಿದಳು. ನೋರಾ ಅನ್ನೋ ಮುದುಕಿಯ ಹಿತ್ತಿಲ ಮನೆ ಅದು. ಮೊಮ್ಮಗಳು ಅನು ಅಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಗೊತ್ತಾಗುತ್ತೆ ಅವಳಿಗೆ. ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು, ಅದೂ ಇವರದೇ ರಾಗದಲ್ಲಿ.

ಆರು ವರ್ಷದ ಹಿಂದೆ, ಅನುಗೆ ಎಂಟು ವರ್ಷ ಇದ್ದಾಗ, ಫೆಬ್ರವರಿಯಲ್ಲಿ ಲತಾ ಸತ್ತಳು. ಕೆಲಸದ ಮಧ್ಯೆ ತಲೆನೋವು ಅಂತ ಕೂತವಳು ಏಳಲಿಲ್ಲವಂತೆ. ತಲೆಯೊಳಗೆ ನರ ಒಡೆಯಿತು ಅಂದರು. ನನಗೆ ವೀಸಾ ಸಿಗೋ ಹೊತ್ತಿಗೆ ಇಲ್ಲಿ ಸುಟ್ಟು ಮುಗಿದಿತ್ತು. ನಾನು ಬಂದಾಗ ಅವಳ ಕೋಟು ಬಾಗಿಲ ಹಿಂದೆ ತೂಗ್ತಿತ್ತು. ಕೆಸರು ಒಣಗಿದ ಬೂಟು ಹೊಸಲ ಪಕ್ಕ ಇತ್ತು. ಕೆಸರು ಕೆರೆದು ಬೂಟು ಒಳಗಿಟ್ಟೆ. ಆಮೇಲೆ ಅನ್ನಕ್ಕಿಟ್ಟೆ.

ಅಳು ಬರಲಿಲ್ಲ. ಡಬ್ಲಿನ್ ಕಡೆಯಿಂದ ಕನ್ನಡದವರು ಬಂದರು, ಡಬ್ಬಿಯಲ್ಲಿ ಪಲಾವು ಮೊಸರನ್ನ ತಂದರು, ನನ್ನ ಕೈ ಹಿಡ್ಕೊಂಡು ಅತ್ತರು. ನಾನು ಅವರಿಗೆಲ್ಲ ಕಾಫಿ ಕೊಟ್ಟೆ. ಆಂಟಿ ಒಂದ್ಸಲ ಅತ್ತುಬಿಟ್ರೆ ಒಳ್ಳೇದು ಅಂತ ಅಡುಗೆಮನೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು. ಅತ್ತುಬಿಡೋಕೆ ಅದೇನು ಕೆಮ್ಮೇ. ಬಂದವರೆಲ್ಲ ಹೋದರು. ಅಳಿಯ ಅಲ್ಲಿ ಇಲ್ಲಿ ಓಡಾಡಿ ನನ್ನ ವೀಸಾ ಮುಂದುವರಿಸಿಕೊಟ್ಟ. ನಾನು ಬೆಳಿಗ್ಗೆ ಎದ್ದು ಅನುಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ದೆ, ಪಾತ್ರೆ ತೊಳೀತಿದ್ದೆ, ಕಿಟಕಿಯಲ್ಲಿ ಮಳೆ ನೋಡ್ತಿದ್ದೆ. ಅಲ್ಲಿನ ಮಳೆ ಬೀಳೋದೂ ಇಲ್ಲ, ನಿಲ್ಲೋದೂ ಇಲ್ಲ, ಸುಮ್ಮನೆ ಇರುತ್ತೆ. ನನಗೂ ಹಾಗೇ ಇತ್ತು.

ಏಪ್ರಿಲ್‌ನಲ್ಲಿ ಒಂದಿನ ನೋರಾ ಬಾಗಿಲು ಬಡಿದಳು. ಮದುವೆ ಆಗದ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು, ಉದ್ದಕ್ಕೆ ಬಿದಿರ ಗಳು ಇದ್ದ ಹಾಗೆ. ಸತ್ತ ಅಣ್ಣನ ಕೋಟು ಹಾಕ್ಕೊಂಡೇ ಓಡಾಡ್ತಾಳೆ. ನನಗೆ ಅವಳ ಮಾತು ಬರೋದಿಲ್ಲ, ಅವಳಿಗೆ ನನ್ನದು ಬರೋದಿಲ್ಲ. ಅನು ಮನೇಲಿದ್ದರೆ ಅವಳು ನಡುವೆ ನಿಲ್ಲೋಳು. ಇಲ್ಲದಿದ್ದರೆ ಕೈಸನ್ನೆ. ನೋರಾ ಬಾಯಲ್ಲಿ ನನಗೆ ತಿಳಿಯೋ ಮಾತು ಒಂದೇ, ಗ್ರ್ಯಾಂಡ್, ಅಂದರೆ ಪರವಾಗಿಲ್ಲ ಅಂತ. ಟೀ ಕೊಟ್ಟರೂ ಗ್ರ್ಯಾಂಡ್, ಟೀ ಬೇಡ ಅಂದರೂ ಗ್ರ್ಯಾಂಡ್, ಬೆರಳು ಕುಯ್ಕೊಂಡು ರಕ್ತ ಸುರೀತಿದ್ದರೂ ಗ್ರ್ಯಾಂಡ್.

ಆವತ್ತು ನನ್ನನ್ನೂ ಅನುವನ್ನೂ ಮನೆ ಹಿಂದಿನ ಇಳಿಜಾರಿಗೆ ಹತ್ತಿಸಿಕೊಂಡು ಹೋದಳು. ಅಲ್ಲಿ ಸಾಲುಸಾಲಾಗಿ ಗಿಡ ನೆಟ್ಟಿದ್ದರು. ಹಿಂದಿನ ನವೆಂಬರಿನಲ್ಲಿ ರಜಾ ಇದ್ದಾಗೆಲ್ಲ ಲತಾ ಮತ್ತು ಅವಳು ಸೇರಿ ನೆಟ್ಟದ್ದು. ರೋವನ್ ಅಂತಾರೆ. ಆವಾಗಷ್ಟೇ ಎಲೆ ಬಿಚ್ಚುತ್ತಿತ್ತು, ಕಡ್ಡಿಯ ಎರಡು ಕಡೆ ಎಲೆ ಜೋಡಿಸಿದ ಹಾಗೆ, ಥೇಟ್ ನಮ್ಮ ಕರಿಬೇವು. ನೆಡೋವಾಗ ಲತಾ ಫೋನಿನಲ್ಲಿ ದೊಡ್ಡ ಮರದ ಒಂದು ಫೋಟೋ ತೋರಿಸಿ, ಅಮ್ಮ ಇಲ್ಲಿ ಕರಿಬೇವು ಬೆಟ್ಟದ ಮೇಲೆ ಬೆಳೆಯುತ್ತೆ ಅಂದಿದ್ದಳು. ಒಗ್ಗರಣೆಗೆ ಹಾಕಿ ನೋಡು ಅಂದಿದ್ದೆ. ನನ್ನ ಮಗಳು ಇದನ್ನ ಮುಟ್ಟಿದ್ದಳು ಅಂತ ಅನ್ನಿಸಿ ಏನಾದರೂ ಆಗುತ್ತೇನೋ ಅಂತ ಒಂದು ಗಿಡ ಮುಟ್ಟಿ ನೋಡಿದೆ. ಒದ್ದೆ ಇತ್ತು, ಅಷ್ಟೇ.

ಗಿಡಗಳ ತುದಿಯನ್ನ ಏನೋ ಕಚ್ಚಿಹಾಕಿತ್ತು. ಜಿಂಕೆ. ಅಲ್ಲಿನ ಜಿಂಕೆಗೂ ಬೇಸಿಗೆಯಲ್ಲಿ ನಮ್ಮದರ ಹಾಗೇ ಮೈ ತುಂಬ ಚುಕ್ಕಿ ಇರುತ್ತೆ. ಗಿಡಕ್ಕೆ ತೊಡಿಸಿದ್ದ ಪ್ಲಾಸ್ಟಿಕ್ ಕೊಳವೆಗಳನ್ನ ಕೊಂಬಿನವು ಉಜ್ಜಿ ಬೀಳಿಸಿದ್ದವು. ಕೆಳಗೆ ಬಂಡೆ, ಬೇಲಿಗೆ ಗೂಟ ಇಳಿಯೋದಿಲ್ಲ. ನೋರಾ ನನ್ನ ಭುಜ ಹಿಡಿದು ಒಂದು ಗಿಡದ ಪಕ್ಕ ನಿಲ್ಲಿಸಿದಳು. ನಾನು ಕುಳ್ಳಿ. ಗಿಡ ನನ್ನ ಸೊಂಟಕ್ಕೆ ಬರ್ತಿತ್ತು. ನನ್ನ ನೆತ್ತಿ ಮೇಲೆ ಅಂಗೈ ಇಟ್ಟು ಅನುಗೆ ಏನೋ ಹೇಳಿದಳು. ಜಿಂಕೆ ಬಾಯಿ ಇಲ್ಲಿಯವರೆಗೆ ಎಟುಕುತ್ತೆ, ಗಿಡ ರಂಗಮ್ಮನ, ಅಂದರೆ ನನ್ನ, ತಲೆ ದಾಟಿದರೆ ಬದುಕಿತು ಅಂತ. ಈ ಬೇಸಿಗೆ ಮತ್ತೆ ತುದಿ ಹೋದರೆ ಅದು ಮರ ಆಗೋದಿಲ್ಲ, ಪೊದೆ ಆಗುತ್ತೆ. ಜಮೀನೆಲ್ಲ ಈಗ ನೋಡಿಕೊಳ್ಳೋದು ನೋರಾಳ ಅಣ್ಣನ ಮಗ ಡೆಕ್ಲನ್. ಸೆಪ್ಟೆಂಬರಿನಲ್ಲಿ ಬಂದು ನೋಡ್ತೀನಿ, ಕಡ್ಡಿಗಳೇ ಇದ್ದರೆ ಕಿತ್ತುಹಾಕಿ ಕುರಿ ಬಿಡ್ತೀನಿ ಅಂದಿದ್ದನಂತೆ. ಅನು ಅದನ್ನ ಹೇಳಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

ನೋರಾ ಲೆಕ್ಕ ಸರಳ. ಕೆಳಗೆ ಹೊಟ್ಟೆ ತುಂಬಿದರೆ ಜಿಂಕೆ ಮೇಲೆ ಯಾಕೆ ಹತ್ತುತ್ತೆ. ತೊರೆ ದಾಟಿದರೆ ಕಾಡಿನ ನಡುವೆ ಒಂದು ಹತ್ತು ಗುಂಟೆ ಬಯಲು ಇತ್ತು. ಚಳಿಗಾಲದಿಂದಲೇ ಅದಕ್ಕೆ ಕರಿ ಪ್ಲಾಸ್ಟಿಕ್ ಹೊದಿಸಿ ಹುಲ್ಲು ಕೊಂದಿಟ್ಟಿದ್ದಳು. ಅಲ್ಲಿ ಓಟ್ಸು, ಕೇಲು, ಕ್ಲೋವರ್ ಅನ್ನೋ ಮೂರೆಲೆ ಮೇವು ಬಿತ್ತಬೇಕು. ಪಕ್ಕದ ಹೊಲದವನ ಹತ್ತಿರ ಬಿತ್ತೋ ಮಿಷನ್ ಇತ್ತು, ನಮ್ಮ ಕೂರಿಗೆಯೇ, ಟ್ರ್ಯಾಕ್ಟರಿಗೆ ಕಟ್ಟೋದು. ಆದರೆ ತೊರೆಯ ಮೇಲೆ ಇರೋದು ಒಂದು ಹಸು ದಾಟೋವಷ್ಟು ಕಲ್ಲು ಸೇತುವೆ. ಹಾಗಾಗಿ ಕೈಯಲ್ಲೇ ಎರಚಬೇಕು. ನಿನ್ನ ಅಜ್ಜಿಗೆ ಎರಚೋಕೆ ಬರುತ್ತಾ ಅಂತ ಅನುವನ್ನ ಕೇಳಿದಳು. ಬರುತ್ತೆ ಅಂತ ಹೇಳು ಅಂದೆ. ಬೇರೆ ಏನು ಕೆಲಸ ಇತ್ತು ನನಗೆ.

ನಗು ಬರಬೇಕಾದ ವಿಷಯ ಅದು. ಶಿರಾ ಕಡೆ ಹುಟ್ಟಿ ಬೆಳೆದವಳು ನಾನು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಅಪ್ಪ ನನ್ನನ್ನ ಅಟ್ಟಣೆ ಹತ್ತಿಸಿದ್ದ, ಹೊಲ ಕಾಯೋಕೆ. ಕೈಗೆ ಕವಣೆ, ಒಂದು ಡಬ್ಬ, ಒಂದು ಕೋಲು. ಹಂದಿ, ಜಿಂಕೆ, ಗಿಳಿ ಏನೇ ಬೀಳಲಿ, ಡಬ್ಬ ಬಡಿದು ಕೂಗು ಹಾಕೋದು. ಮದುವೆ ಆಗಿ ಹೋದ ಮನೆಯಲ್ಲೂ ಅದೇ ಕೆಲಸ. ಜಿಂಕೆಗೆ ಅಂತ ಯಾರಾದರೂ ಬಿತ್ತುತ್ತಾರೆ ಅಂದಿದ್ದರೆ ನಮ್ಮೂರಲ್ಲಿ ಅವರ ತಲೆಗೆ ಎಣ್ಣೆ ಹಾಕ್ತಿದ್ದರು.

ಮೇ ತಿಂಗಳಲ್ಲಿ ನಾಲ್ಕು ದಿನ ಮಳೆ ಬಿಟ್ಟು ಹೊಳವಾಯಿತು. ಪ್ಲಾಸ್ಟಿಕ್ ಎಳೆದು ಹಾಕಿ ಕುಂಟೆಯಂಥ ಹಲ್ಲಿನ ಕೋಲಲ್ಲಿ ಮಣ್ಣು ಕೆರೆದೆವು. ಬೀಜದ ಮೇಲೆ ಎಳೆಯೋಕೆ ಮುಳ್ಳಿನ ಕೊಂಬೆ ಬೇಕು ಅಂತ ಬಯಲ ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ ಮುಳ್ಳುಮರಕ್ಕೆ ಕುಡುಗೋಲು ಹಾಕಿದೆ. ಮೈತುಂಬ ಬಿಳಿ ಹೂವು ಬಿಟ್ಟಿತ್ತು. ನೋರಾ ಓಡಿಬಂದು ಕುಡುಗೋಲು ಕಿತ್ಕೊಂಡಳು. ಒಂಟಿ ಮುಳ್ಳುಮರ ಕಡಿಯಬಾರದಂತೆ, ಅದರಲ್ಲಿ ಯಾರೋ ಇರ್ತಾರಂತೆ. ನೋರಾಗೆ ನಂಬಿಕೆ ಇದೆಯಾ ಅಂತ ಅನು ಹತ್ತಿರ ಕೇಳಿಸಿದೆ. ನಂಬಿಕೆ ಇಲ್ಲ, ಆದರೂ ಕಡಿಯಬಾರದು ಅಂದಳು. ನಮ್ಮಲ್ಲೂ ಅಂಥ ಮರಗಳಿವೆ. ಕುಡುಗೋಲು ಕೆಳಗಿಟ್ಟೆ. ಅವಳು ಕೊಟ್ಟಿಗೆಯಿಂದ ಹಳೇ ಕಬ್ಬಿಣದ ಮಂಚದ ಸ್ಪ್ರಿಂಗು ತಂದಳು. ಅದಕ್ಕೆ ಹಗ್ಗ ಕಟ್ಟಿ, ಮೇಲೆ ಕಲ್ಲು ಹೇರಿ, ಇಬ್ಬರೂ ಎತ್ತಿನ ಹಾಗೆ ಎಳೆದೆವು.

ಮೊದಲ ಹಿಡಿ ಯಾರು ಹಾಕೋದು ಅನ್ನೋದು ಬಂತು. ನೋರಾ ಓಟ್ಸಿನ ಬಕೆಟ್ಟು ನನ್ನ ಮುಂದೆ ಹಿಡಿದಳು. ನಾನು ಕೈ ಹಿಂದಕ್ಕೆ ಎಳ್ಕೊಂಡೆ. ಗಂಡ ಹೋದವಳು ಮೊದಲ ಹಿಡಿ ಹಾಕೋದಿಲ್ಲ. ಗಂಡ ಹೋದ ಮೇಲೆ ನಮ್ಮ ಹೊಲದಲ್ಲಿ ಲತಾನೇ ಹಾಕ್ತಿದ್ದಳು, ಸ್ಕೂಲಿಗೆ ಹೋಗೋ ಹುಡುಗಿ. ನೀನು ಹಾಕು ಅಂತ ನೋರಾಗೆ ತೋರಿಸಿದೆ. ಆಮೇಲೆ ಅವಳಿಗೆ ಮದುವೆಯೇ ಆಗಿಲ್ಲ ಅನ್ನೋದು ನೆನಪಾಯಿತು. ಕೊನೆಗೆ ಅನು ಕೈಯಲ್ಲಿ ಹಾಕಿಸಿದೆ. ಮಗು ಎರಚೋದು ಬಿಟ್ಟು ಹಿಡಿಯನ್ನ ಒಂದೇ ಕಡೆ ಸುರಿಯಿತು.

ಓಟ್ಸು ಎರಚಿ ಮಂಚ ಎಳೆದೆವು. ಕೇಲಿನ ಬೀಜ ಸಾಸಿವೆಯಂತೆ, ಕ್ಲೋವರಿನದು ಗಸಗಸೆಯಂತೆ. ಅವನ್ನ ಒಣ ಮರಳಿಗೆ ಬೆರೆಸಿ, ಉದ್ದಕ್ಕೆ ಒಂದು ಸಾರಿ ಅಡ್ಡಕ್ಕೆ ಒಂದು ಸಾರಿ ಎರಚಿದೆ. ಮತ್ತೆ ಮಂಚದ ಹಗ್ಗ ಹಿಡಿದೆ. ನೋರಾ ತಡೆದಳು. ಇಷ್ಟು ಸಣ್ಣ ಬೀಜ ಹೂಳಬಾರದು, ತುಳೀಬೇಕು. ಅವಳು ಹೇಳಿದ್ದೇ ಸರಿ ಆಯ್ತು ಅನ್ನಿ. ಅವಳು ಬೂಟಿನಲ್ಲಿ ತುಳಿದಳು, ನಾನು ಬರಿಗಾಲಲ್ಲಿ. ಮಣ್ಣು ಎಷ್ಟು ತಣ್ಣಗಿತ್ತು ಅಂದರೆ ಸ್ವಲ್ಪ ಹೊತ್ತಿಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ನೆಮ್ಮದಿ ಅನ್ನಿಸಿತು. ಮೈಯೆಲ್ಲ ಹಾಗಿದ್ದದ್ದಕ್ಕೆ ಕಾಲೂ ಸೇರ್ಕೊಂಡಿತು.

ಮಳೆ ಬಂತು, ಮೊಳಕೆ ಬಂತು. ಮೊಳಕೆ ಹಿಂದೆಯೇ ಕಾಡು ಪಾರಿವಾಳ ಬಂದವು. ಕೋಳಿಯಷ್ಟು ಗಾತ್ರ, ಎಲೆ ಬಿಡದ ಹಾಗೆ ಕುಕ್ಕುತ್ತಿದ್ದವು. ಓಡಿಸಲಾ ಅಂತ ಸನ್ನೆ ಮಾಡಿದೆ. ನೋರಾ ಬಿಸ್ಕತ್ತಿನ ಒಂದು ತಗಡಿನ ಡಬ್ಬ ತಂದುಕೊಟ್ಟಳು. ಜೂನ್ ಪೂರ್ತಿ ನನಗೆ ಅದೇ ಕೆಲಸ. ಅನು ಸ್ಕೂಲಿಗೆ ಹೋದ ಮೇಲೆ ಸೇತುವೆ ದಾಟಿ ಹೋಗಿ ಕಲ್ಲಿನ ಮೇಲೆ ಕೂರೋದು, ಹಕ್ಕಿ ಇಳಿದರೆ ಡಬ್ಬ ಬಡಿಯೋದು, ಹೋಯ್ ಅನ್ನೋದು. ಕೈಗೆ ಎಲ್ಲ ನೆನಪಿತ್ತು. ಮಧ್ಯಾಹ್ನ ಬುತ್ತಿ ಉಂಡು ಮತ್ತೆ ಕೂರೋದು. ಮಗಳು ಸತ್ತ ಮನೆಗಿಂತ ಆ ಕಲ್ಲು ವಾಸಿ ಇತ್ತು.

ಜುಲೈ ಹೊತ್ತಿಗೆ ಕೇಲು ಮೊಣಕಾಲುದ್ದ ಬಂತು. ಜಿಂಕೆ ಮಾತ್ರ ಬರಲಿಲ್ಲ. ನೋರಾ ದಿನಾ ಬೆಳಿಗ್ಗೆ ಹೆಜ್ಜೆ ಗುರುತು ಹುಡುಕಿಬರ್ತಿದ್ದಳು. ಇಳಿಜಾರಿನ ಗಿಡಗಳು ಅಷ್ಟರಲ್ಲಿ ಹೊಸ ತುದಿ ಎತ್ತಿದ್ದವು, ನನ್ನ ಎದೆಗೆ ಬಂದಿದ್ದವು. ಪಾರಿವಾಳದ ಕಾಟ ಮುಗೀತು, ಇನ್ನು ಡಬ್ಬ ಸಾಕು ಅಂದಳು. ಹೂಂ ಅಂದು ಡಬ್ಬ ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದೆ.

ಒಂದು ಸಾಯಂಕಾಲ ಕೂತಿದ್ದೆ. ಅಲ್ಲಿ ಬೇಸಿಗೆಯಲ್ಲಿ ಊಟದ ಹೊತ್ತಾದರೂ ಬೆಳಕಿರುತ್ತೆ. ಮರದ ಸಂದಿಯಿಂದ ಒಂದು ಹೆಣ್ಣು ಜಿಂಕೆ ಬಂತು, ಪಕ್ಕದಲ್ಲಿ ಮರಿ. ಅನು ಒಂದೇ ಕಡೆ ಸುರಿದಿದ್ದಳಲ್ಲ, ಅಲ್ಲಿ ಓಟ್ಸು ಗುಂಪಾಗಿ ಎದ್ದಿತ್ತು, ಸುತ್ತ ಕೇಲು. ನೆಟ್ಟಗೆ ಅಲ್ಲಿಗೇ ಬಂದು ತಲೆ ಬಗ್ಗಿಸಿತು. ಸೊಪ್ಪು ಹರಿಯೋ ಸದ್ದು ಕೇಳಿಸಿತು. ವಾಸನೆಯೂ ಬಂತು. ನಾವು ಕಾದದ್ದು ಅದಕ್ಕೇ. ನನಗೆ ಗೊತ್ತಿತ್ತು ಅದಕ್ಕೇ ಅಂತ.

ಕೈ ಡಬ್ಬಕ್ಕೆ ಹೋಯಿತು. ಎದ್ದು ನಿಂತು ಕೋಲಲ್ಲಿ ಬಡಿದೆ. ಕೂಗು ಹಾಕಿದೆ, ನಮ್ಮ ಹೊಲದ ಕೂಗು, ಹೊಟ್ಟೆಯಿಂದ ಎತ್ತಿ ಬಿಡೋದು. ಜಿಂಕೆ ಬೆದರಿ ಒಂದು ಸಾರಿ ಸಿಳ್ಳೆಯಂಥ ಕೂಗು ಹಾಕಿ ಮರಿ ಜೊತೆ ಹಾರಿಹೋಯಿತು. ಬಯಲು ಖಾಲಿ ಆಯ್ತು. ಓಡಿಸಿ ಆಯ್ತಲ್ಲ, ನಿಲ್ಲಿಸಬೇಕು. ಕೂಗು ನಿಲ್ಲಲಿಲ್ಲ. ಬಾಯಿ ಮುಚ್ಚೋಕೆ ನೋಡಿದೆ, ಆಗಲಿಲ್ಲ. ಅದು ತಾನಾಗಿ ಬರ್ತಾ ಇತ್ತು. ಡಬ್ಬ ಅಪ್ಪಚ್ಚಿ ಆಯ್ತು. ನೋರಾ ಸೇತುವೆ ಕಡೆಯಿಂದ ಓಡಿಬಂದು ಸ್ವಲ್ಪ ದೂರದಲ್ಲೇ ನಿಂತಳು, ಹತ್ತಿರ ಬರಲಿಲ್ಲ. ಗಂಟಲು ಕಟ್ಟಿ, ಗಾಳಿ ಮಾತ್ರ ಹೊರಡೋವಾಗ ಬಂದು ಕೈಯಲ್ಲಿದ್ದ ಕೋಲು ತಗೊಂಡಳು. ಆವತ್ತು ಅವಳು ಗ್ರ್ಯಾಂಡ್ ಅನ್ನಲಿಲ್ಲ. ಅವಳ ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟಳು. ಹಾಲು ಜಾಸ್ತಿ, ಸಕ್ಕರೆ ಕಮ್ಮಿ. ಕುಡಿದೆ.

ಜಿಂಕೆಗಳು ಬೆದರಿ ಮೇಲಕ್ಕೆ ಹೋಗಿದ್ದವು. ಬೆಳಿಗ್ಗೆ ನೋಡಿದರೆ ಇಳಿಜಾರಿನ ಕೆಳಗಿನ ಸಾಲು ಪೂರ್ತಿ ತುದಿ ಇಲ್ಲ. ಅನು ಮಮ್ಮಿ ಗಿಡ ಅಂತ ಗಿಡದ ಹತ್ತಿರವೇ ಕೂತು ಅತ್ತಳು. ಡೆಕ್ಲನ್ ಬಂದು ನೋಡಿದ. ನೋರಾಗೆ ಸೆಪ್ಟೆಂಬರ್ ಅಂತ ಒಂದೇ ಮಾತು ಹೇಳಿ ಹೋದ.

ಆವತ್ತು ಪ್ರಕಾಶ ಶಿಫ್ಟು ಮುಗಿಸಿ ಬಂದು ನನ್ನ ಎದುರು ಕೂತ.

"ಅತ್ತೆ, ಯಾಕೆ ಕೂಗಿದ್ರಿ?"

ಸ್ವರ ಇರಲಿಲ್ಲ, ಪಿಸುಗುಟ್ಟಿದೆ. "ಜಿಂಕೆ ಹೊಲಕ್ಕೆ ಬಿದ್ದಿತ್ತಪ್ಪಾ."

"ಅದು ಜಿಂಕೆಗೇ ಬಿತ್ತಿದ ಹೊಲ ಅಲ್ವಾ."

"ಹೂಂ."

ಅವನು ಮುಖ ಉಜ್ಕೊಂಡ. ನಗು ತಡ್ಕೊಂಡನೋ ಇನ್ನೇನೋ ಗೊತ್ತಾಗಲಿಲ್ಲ. "ಲೀಕ್ಸ್‌ಲಿಪ್‌ವರೆಗೂ ಕೇಳಿಸಿರ್ಬೇಕು ಬಿಡಿ" ಅಂದು ಎದ್ದು ಹೋಗಿ ಮಲಗಿದ. ಕೂಗು ಯಾತಕ್ಕೆ ಬಂತು ಅಂತ ಜನ ಅವರವರಿಗೆ ತೋಚಿದ್ದು ಹೇಳಿದರು. ಅಳು ಅಂದರು. ಅದು ಅಳು ಅಲ್ಲ. ಅಳು ಹೆಂಗಿರುತ್ತೆ ನನಗೆ ಗೊತ್ತು, ಗಂಡ ಸತ್ತಾಗ ಅತ್ತಿದ್ದೀನಿ. ಅತ್ತರೆ ಆಮೇಲೆ ಹಗುರ ಆಗುತ್ತೆ. ಇದಾದ ಮೇಲೆ ಗಂಟಲು ನೋವು ಬಂತು, ಅಷ್ಟೇ.

ನೋರಾ ನನ್ನನ್ನ ಬಯಲಿನಿಂದ ಓಡಿಸ್ತಾಳೆ ಅಂದ್ಕೊಂಡಿದ್ದೆ. ಮಾರನೇ ದಿನ ಅಣ್ಣನ ಕೋಟು ಬಿಚ್ಚಿ ನನಗೆ ಹಾಕಿದಳು. ಮೊಣಕಾಲ ಕೆಳಗೆ ಬಂತು. ಕುರಿ, ಹೊಗೆ, ಹಳೇ ಮಳೆ ಎಲ್ಲದರ ನಾತ. ಅನು ವಿವರಿಸಿದಳು. ದಿನಾ ಸಾಯಂಕಾಲ ಇದನ್ನೇ ಹಾಕ್ಕೊಂಡು, ಅದೇ ಕಲ್ಲಿನ ಮೇಲೆ, ಅಲುಗಾಡದೆ ಕೂರಬೇಕು. ನೀನು ಹೆದರಿಸಿದ್ದೀಯ, ನೀನೇ ಅಭ್ಯಾಸ ಮಾಡಿಸು. ನೀನು ಬರೀ ಕಲ್ಲು ಅಂತ ಅವಕ್ಕೆ ಗೊತ್ತಾಗಲಿ. ಬಾಯಿ ಮಾತ್ರ ಮುಚ್ಚಿರಬೇಕು. ನನಗೆ ನನ್ನ ಬಾಯಿ ಮೇಲೆ ನಂಬಿಕೆ ಇರಲಿಲ್ಲ. ಊರಿಂದ ತಂದಿದ್ದ ಅಡಿಕೆ ಇತ್ತು. ಅದರಲ್ಲಿ ಎರಡು ದೊಡ್ಡ ಹೋಳು ದವಡೆಗೆ ಒತ್ತಿಟ್ಕೊಂಡು ಹೋಗ್ತಿದ್ದೆ. ಅಡಿಕೆ ಬಾಯಲ್ಲಿದ್ದರೆ ಕೂಗೋಕಾಗೋದಿಲ್ಲ, ಕೂಗಿದರೆ ಗಂಟಲಿಗೆ ಸಿಕ್ಕುತ್ತೆ.

ಎಷ್ಟೋ ದಿನ ಏನೂ ಬರಲಿಲ್ಲ. ಮಳೆ ಬಂತು, ಸಣ್ಣ ಸೊಳ್ಳೆ ಬಂದವು, ಮುಖವೆಲ್ಲ ಊದಿಸಿದವು. ಮಗಳ ನೆನಪು ಬರ್ತಿತ್ತಾ ಅಂತ ಕೇಳ್ತಾರೆ. ಇಲ್ಲ. ಮೊಣಕಾಲು ನೋವು ಬರ್ತಿತ್ತು. ಒಂದೊಂದು ಸಾರಿ ಬಸ್ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಬರ್ತಿತ್ತು. ಮನೆಗೆ ಬಂದರೆ ಅನು ಎದುರು ಬಂದು ನೋಡೋಳು. ನಾನು ತಲೆ ಅಲ್ಲಾಡಿಸ್ತಿದ್ದೆ. ಅವಳು ನನ್ನ ಕೋಟಿನ ಗುಂಡಿ ಬಿಚ್ಚಿಕೊಡೋಳು. ಬೆರಳು ಸೆಟೆದಿರ್ತಿದ್ದವು ನನಗೆ. ಬೆಳಿಗ್ಗೆ ನೋರಾ ಇಳಿಜಾರು ಹತ್ತಿ ಇಳಿದು ಬರ್ತಿದ್ದಳು. ಆವತ್ತು ಹಾಳಾದದ್ದು ಒಂದೇ ಸಾಲು, ಮೇಲಿನವು ಇನ್ನೂ ಉಳಿದಿದ್ದವು. ಒಂದೆರಡು ದಿನಕ್ಕೆ ಒಂದು ಗಿಡದಂತೆ ಅವೂ ಹೋಗ್ತಿದ್ದವು.

ಆಗಸ್ಟ್ ಅರ್ಧ ಆಗಿತ್ತು. ಅವು ಬಂದವು. ಮೊದಲು ಸಿಳ್ಳೆ ಕೇಳಿಸಿತು, ಮರದ ಹಿಂದೆ ನಿಂತು ನನ್ನನ್ನ ನೋಡ್ತಿತ್ತು. ಕೂಗು ಮತ್ತೆ ಎದ್ದಿತು. ಅಡಿಕೆ ಕಚ್ಚಿ ಹಿಡಿದೆ. ಒಗರು ರಸ ಕೆಳಗಿಳಿಯಿತು. ಹೆಣ್ಣು ಜಿಂಕೆ ಬಂದು ತಲೆ ಬಗ್ಗಿಸಿತು, ಪಕ್ಕದಲ್ಲಿ ಮರಿ, ಹಿಂದೆ ಇನ್ನೂ ಮೂರು. ಅದು ಆಗಾಗ ತಲೆ ಎತ್ತಿ ಅಗೀತಾ ನನ್ನ ಕಡೆ ನೋಡೋದು. ನಾನೂ ಅಗೀತಾ ಅದರ ಕಡೆ ನೋಡ್ತಿದ್ದೆ. ಅದಕ್ಕೆ ಮರಿ ಪಕ್ಕದಲ್ಲಿತ್ತು. ಕತ್ತಲಾಗೋವರೆಗೂ ತಿಂದವು. ಅವು ಹೋದ ಮೇಲೆ ಎದ್ದೆ. ಕಾಲು ಜೋಮು ಹಿಡಿದಿತ್ತು.

ಆಮೇಲೆ ದಿನಾ ಬಂದವು. ಸೊಪ್ಪು ಬುಡದವರೆಗೂ ತಿಂದವು, ಓಟ್ಸಿನ ತೆನೆ ಕಿತ್ತು ತಿಂದವು, ಕೊನೆಗೆ ಕ್ಲೋವರಿಗೆ ಬಂದವು. ಇಳಿಜಾರಿನ ಮೇಲೆ ಒಂದು ಗಿಡವೂ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಡೆಕ್ಲನ್ ಬಂದ. ಮೊದಲು ಬಯಲು ನೋಡಿದ, ಮೊಳೆ ಹೊಡೆದ ಹಾಗೆ ಬುಡಗಳು. ಆಮೇಲೆ ಇಳಿಜಾರು ಹತ್ತಿದ. ನೋರಾ ನನ್ನನ್ನ ಮೇಲಿನ ಸಾಲಿನ ಒಂದು ಗಿಡದ ಪಕ್ಕ ಮತ್ತೆ ನಿಲ್ಲಿಸಿದಳು. ನನ್ನ ಗದ್ದಕ್ಕೆ ಬಂದಿತ್ತು. ಡೆಕ್ಲನ್ ಕೆಳಗಿನ ಸಾಲನ್ನೂ ನೋಡಿದ, ನನ್ನನ್ನೂ ನೋಡಿದ. ಇನ್ನೊಂದು ವರ್ಷ ಇರಲಿ ಅಂದನಂತೆ. ವೀಸಾ ಮುಗಿದು ನಾನು ಊರಿಗೆ ಹೊರಟೆ. ಮುಂದಿನ ವರ್ಷ ಪ್ರಕಾಶ ಅನುವನ್ನ ಕರ್ಕೊಂಡು ಆಡಮ್ಸ್‌ಟೌನಿಗೆ ಬಂದ. ನಾನು ಹೋಗಿ ಬಂದು ಮಾಡ್ತಾ ಇದ್ದೀನಿ. ನೋರಾ ಮನೆ ಕಡೆ ಮಾತ್ರ ಹೋಗಿರಲಿಲ್ಲ.

ಈ ಭಾನುವಾರ ಹೋದೆವು. ನೋರಾ ಬಗ್ಗಿದ್ದಾಳೆ, ಕೋಟು ಅದೇ. ಅನು ಈಗ ನನಗಿಂತ ಎತ್ತರ, ಮುಂದೆ ಮುಂದೆ ಹತ್ತಿದಳು. ಮೇಲಿನ ಸಾಲುಗಳು ನನ್ನ ತಲೆ ದಾಟಿ, ಕೈ ಎತ್ತಿದರೂ ತುದಿ ಸಿಗದಷ್ಟು ಹೋಗಿವೆ. ಬಿಳಿ ಹೂವು ಬಿಟ್ಟಿದ್ದವು. ಕೆಳಗಿನ ಸಾಲು ಪೊದೆ. ಒಂದು ಬುಡದಲ್ಲಿ ಐದಾರು ಕವಲು, ನನ್ನ ಎದೆಮಟ್ಟ. ಏರಲೂ ಇಲ್ಲ, ಸಾಯಲೂ ಇಲ್ಲ. ಡೆಕ್ಲನ್ ಅದನ್ನ ಕೀಳಬೇಕು ಅಂದಾಗೆಲ್ಲ ನೋರಾ ಬಿಟ್ಟಿಲ್ಲವಂತೆ. ಅದು ರಂಗಮ್ಮನ ಸಾಲು, ಇರಲಿ ಅಂದಳಂತೆ. ಅನು ಇದನ್ನ ಹೇಳಿ ಮೊದಲಿನ ಹಾಗೇ ನನ್ನ ಮುಖ ನೋಡಿದಳು. ಒಂದು ಎಲೆ ಕಿತ್ತು ಮೂಸಿದೆ. ಕರಿಬೇವಿನ ವಾಸನೆ ಇಲ್ಲ. ಒಗ್ಗರಣೆಗೆ ಆಗೋದಿಲ್ಲ.

ಕೆಳಗಿನ ಬಯಲಿಗೆ ನೋರಾ ಈ ವರ್ಷವೂ ಪ್ಲಾಸ್ಟಿಕ್ ಹೊದಿಸಿದ್ದಳು. ಇಬ್ಬರೂ ಸೇರಿ ಎಳೆದು ಹಾಕಿದೆವು. ಮಣ್ಣು ಕೆರೆದೆವು. ಬಕೆಟ್ಟು ನನ್ನ ಮುಂದೆ ಬಂತು. ಯಾರ ಮುಖವನ್ನೂ ನೋಡದೆ ಮೊದಲ ಹಿಡಿ ನಾನೇ ಎರಚಿದೆ. ಮಂಚದ ಸ್ಪ್ರಿಂಗು ಈಗ ಪ್ರಕಾಶನೂ ಅನುವೂ ಎಳೆದರು. ತುಳಿದು ಮುಗಿಯೋ ಹೊತ್ತಿಗೆ ಸಾಯಂಕಾಲ. ಹೊರಡೋಣ ಅಂತ ಪ್ರಕಾಶ ಕಾರಿನ ಬೀಗದ ಕೈ ತೆಗೆದ. ಆಗ ಮರದ ಸಂದಿಯಲ್ಲಿ ಸಿಳ್ಳೆ ಕೇಳಿಸಿತು. ಮೊಳಕೆಯೇ ಬಂದಿಲ್ಲ, ಜಿಂಕೆ ಆಗಲೇ ನೋಡೋಕೆ ಬಂದಿತ್ತು. ನೋರಾ ನನ್ನ ಕಡೆ ತಿರುಗಿದಳು. ನಾನು ಕಲ್ಲಿನ ಮೇಲೆ ಕೂತು, ಸೊಂಟದ ಚೀಲ ಬಿಚ್ಚಿ, ಬಾಯಿಗೆ ಅಡಿಕೆ ಹಾಕ್ಕೊಂಡೆ.